ಗಿನಿಪಿಗ್ ಉಸಿರಾಡುವಾಗ ಸದ್ದು: ಬೆಂಗಳೂರಿನಲ್ಲಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅವಸರದಲ್ಲಿರುವವರು ಸದ್ಯಕ್ಕೆ ಇಷ್ಟು ಓದಿದರೆ ಸಾಕು. ಗಿನಿಪಿಗ್ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಒಸಡು ಅಥವಾ ತುಟಿ ನೀಲಿಗಟ್ಟಿದ್ದರೆ, ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಬಹುದು. ಬೆಂಗಳೂರಿನ ಸಿಗ್ನಲ್‌ಗಳು ಅದಕ್ಕೆ ಧಾರಾಳವಾಗಿ ಸಮಯ ಕೊಡುತ್ತವೆ.

ನಮ್ಮದು ಇಡೀ ದಿನ ಏನಾದರೊಂದು ಸದ್ದು ಮಾಡುತ್ತಲೇ ಇರುತ್ತದೆ. ಎಲ್ಲಕ್ಕೂ ಹೆದರಬೇಕೇ?

ಬೇಡ. ಗಿನಿಪಿಗ್ ಬಹಳ ವಾಚಾಳಿ ಪ್ರಾಣಿ. ಫ್ರಿಜ್‌ನ ಬಾಗಿಲು ತೆರೆದರೆ, ಕೊತ್ತಂಬರಿ ಸೊಪ್ಪಿನ ಚೀಲ ಸರಪರ ಎಂದರೆ ‘ವೀಕ್ ವೀಕ್’ ಎಂದು ಮನೆ ಎಬ್ಬಿಸುವುದು ಹಸಿವಿನ ತಗಾದೆ. ಗಂಡು ಗಿನಿಪಿಗ್ ಹಿಂಭಾಗ ತೂಗಾಡಿಸುತ್ತಾ ‘ಗುರ್ರ್’ ಎಂದು ಹೆಣ್ಣಿನ ಸುತ್ತ ಓಡಾಡುವುದು ಪ್ರಣಯದ ಪ್ರದರ್ಶನ. ಹೊಸಬರು ಇದನ್ನೇ ಎದೆಯ ಗೊರಗೊರ ಎಂದುಕೊಂಡು ಗಾಬರಿಯಾಗುತ್ತಾರೆ. ಹಲ್ಲು ಕಟಕಟ ಎನ್ನಿಸುವುದು ಸಿಟ್ಟು. ಓಡಾಡುವಾಗ ಮೆಲ್ಲಗೆ ‘ಚಟ್ ಚಟ್’ ಎಂದು ಗೊಣಗಿಕೊಳ್ಳುವುದು ನೆಮ್ಮದಿ. ಅಪರೂಪಕ್ಕೆ ಒಂದೆಡೆ ಅಲುಗಾಡದೆ ನಿಂತು ಚಿಲಿಪಿಲಿಗುಟ್ಟುವುದೂ ಉಂಟು, ಅದೂ ರೋಗವಲ್ಲ.

ಇವೆಲ್ಲ ಬೇಕೆಂದೇ ಹೊರಡಿಸುವ ಸದ್ದುಗಳು. ಯಾವುದೋ ಕಾರಣಕ್ಕೆ ಶುರುವಾಗುತ್ತವೆ, ಕಾರಣ ತೀರಿದ ಮೇಲೆ ನಿಲ್ಲುತ್ತವೆ. ಉಸಿರಿನ ಸದ್ದಿಗೆ ತಾಳವಿರುತ್ತದೆ. ಪಕ್ಕೆ ಏರಿದಾಗಲೋ ಇಳಿದಾಗಲೋ ಅದು ತಪ್ಪದೆ ಬರುತ್ತದೆ, ತಿನ್ನುವಾಗಲೂ ಬರುತ್ತದೆ, ನಿದ್ದೆಯಲ್ಲೂ ಬರುತ್ತದೆ. ನಿಮ್ಮ ಪ್ರಾಣಿ ಮೂಲೆಯಲ್ಲಿ ಸುಮ್ಮನೆ ಮಲಗಿದೆ, ಸುತ್ತ ಯಾರೂ ಇಲ್ಲ, ಆದರೂ ಸದ್ದು ಉಸಿರಿನ ಲೆಕ್ಕಕ್ಕೆ ಸರಿಯಾಗಿ ಕೇಳಿಸುತ್ತಿದೆ ಎಂದಾದರೆ ಮುಂದಿನ ಪ್ರಶ್ನೆಗಳನ್ನು ಗಮನವಿಟ್ಟು ಓದಿ.

ಆರೋಗ್ಯವಾಗಿರುವ ಗಿನಿಪಿಗ್ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ?

ಸುಮಾರು 40ರಿಂದ 100 ಸಲ. ವ್ಯಾಪ್ತಿ ದೊಡ್ಡದು, ಆದ್ದರಿಂದ ಪುಸ್ತಕದ ಸಂಖ್ಯೆಗಿಂತ ನಿಮ್ಮ ಪ್ರಾಣಿಯ ವಾಡಿಕೆಯ ಸಂಖ್ಯೆ ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದು ಚೆನ್ನಾಗಿರುವಾಗಲೇ, ಮಲಗಿರುವಾಗ, ದೂರದಿಂದ ಪಕ್ಕೆಯನ್ನು ನೋಡುತ್ತಾ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಬರೆದಿಡಿ. ಕೈಯಲ್ಲಿ ಹಿಡಿದುಕೊಂಡು ಎಣಿಸಿದರೆ ಹೆದರಿಕೆಯ ಉಸಿರು ಸಿಗುತ್ತದೆ, ಆ ಲೆಕ್ಕ ಕೆಲಸಕ್ಕೆ ಬಾರದು. ಸಹಜ ಉಸಿರಿನಲ್ಲಿ ಪಕ್ಕೆ ಹಗುರವಾಗಿ ಅಲುಗುತ್ತದೆ, ಅಷ್ಟೆ. ತಲೆ ಮೇಲೆ ಕೆಳಗೆ ಆಡುವುದು, ಮೂಗಿನ ಹೊಳ್ಳೆ ಅಗಲವಾಗಿ ಅರಳುವುದು, ಹೊಟ್ಟೆ ಒತ್ತಿ ಒತ್ತಿ ಉಸಿರು ತಳ್ಳುವುದು ಸಹಜವಲ್ಲ.

ಇನ್ನೊಂದು ಸಂಗತಿ. ಗಿನಿಪಿಗ್ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ನೆಗಡಿಯಾದರೆ ನಾವು ಬಾಯಿಯಿಂದ ಉಸಿರಾಡಿ ರಾತ್ರಿ ಕಳೆಯುತ್ತೇವೆ. ಅದಕ್ಕೆ ಆ ಅನುಕೂಲ ಇಲ್ಲ. ಹಾಗಾಗಿಯೇ ಅದರ ಕಟ್ಟಿದ ಮೂಗು ‘ಬರೀ ನೆಗಡಿ’ ಅಲ್ಲ, ಬಾಯಿ ತೆರೆದು ಉಸಿರಾಡುವ ಹಂತಕ್ಕೆ ಬಂದ ಗಿನಿಪಿಗ್ ಕೊನೆಯ ಶಕ್ತಿಯನ್ನು ಬಳಸುತ್ತಿದೆ ಎಂದೇ ತಿಳಿಯಬೇಕು.

ಯಾವ ಸದ್ದು ಏನನ್ನು ಸೂಚಿಸುತ್ತದೆ?

ಸದ್ದಿನಿಂದಲೇ ರೋಗದ ಹೆಸರು ಹೇಳಲು ಯಾರಿಂದಲೂ ಆಗದು. ಆದರೂ ಅದು ಎಲ್ಲಿಂದ ಬರುತ್ತಿದೆ ಎಂಬ ಅಂದಾಜು ಸಿಗುತ್ತದೆ.

ಮೂಗಿನ ಬಳಿ ‘ಟಿಕ್ ಟಿಕ್’ ಎಂದೋ, ಸಿಂಬಳ ಒಳಗೆಳೆದುಕೊಂಡಂತೆ ಒದ್ದೆಯಾಗಿಯೋ ಕೇಳಿಸಿದರೆ ತೊಂದರೆ ಬಹುಮಟ್ಟಿಗೆ ಮೂಗಿನ ದಾರಿಯದು. ಸೋಂಕು ಇರಬಹುದು, ದೂಳು ಇರಬಹುದು, ಹುಲ್ಲಿನ ಎಳೆ ಸಿಕ್ಕಿಕೊಂಡಿರಬಹುದು. ದವಡೆ ಹಲ್ಲಿನ ಬೇರು ಬೆಳೆದು ಮೂಗಿನ ಒಳದಾರಿಯನ್ನು ಒತ್ತುವುದೂ ಇದೆ. ನೀರು ಕುಡಿಯುವಾಗಲೋ ತಿನ್ನುವಾಗಲೋ ಒಂದೆರಡು ಸಲ ‘ಟಿಕ್’ ಎಂದು ನಿಂತುಹೋದರೆ ಬರೆದಿಟ್ಟುಕೊಂಡು ಗಮನಿಸಿದರೆ ಸಾಕು.

ಎದೆಯ ಕಡೆಯಿಂದ, ಒಗ್ಗರಣೆಗೆ ಬಿದ್ದ ಸಾಸಿವೆ ಪಕ್ಕದ ಮನೆಯಲ್ಲಿ ಸಿಡಿದಂತೆ ಸಣ್ಣಗೆ ಚಟಪಟ ಕೇಳಿಸಿದರೆ ಶ್ವಾಸಕೋಶದಲ್ಲಿ ದ್ರವ ಇರುವ ಸಾಧ್ಯತೆ ಹೆಚ್ಚು. ನ್ಯುಮೋನಿಯಾದಲ್ಲೂ ಬರುತ್ತದೆ, ಹೃದಯ ದುರ್ಬಲವಾದಾಗಲೂ ಬರುತ್ತದೆ. ಇದನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ.

ಸುಯ್ ಎಂದು ಎಳೆಯುವ ಉಬ್ಬಸ ಗಾಳಿಯ ದಾರಿ ಕಿರಿದಾಗಿದೆ ಎಂಬುದರ ಗುರುತು. ಉಸಿರಿನ ಜೊತೆಗೆ ‘ಹೂ ಹೂ’ ಎಂದು ಊಳಿಟ್ಟಂತೆ ಆಗಾಗ ಕೇಳಿಸುವುದು ಬೇರೆಯೇ ಜಾತಿ. ಗಡಿಬಿಡಿಯಲ್ಲಿ ತಿಂದು ಮೂಗಿಗೆ ಏನೋ ಹತ್ತಿದಾಗ ಒಂದು ನಿಮಿಷ ಬಂದು ಹೋದರೆ ಚಿಂತೆ ಬೇಡ. ವಾರದಲ್ಲಿ ಹಲವು ಸಲ, ಅದರಲ್ಲೂ ವಯಸ್ಸಾದ ಪ್ರಾಣಿಯಲ್ಲಿ ಬರುತ್ತಿದ್ದರೆ ಹೃದಯದ ಪರೀಕ್ಷೆ ಕೇಳಿ. ದಪ್ಪಗಿರುವ ಗಿನಿಪಿಗ್‌ಗಳು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತವೆ, ಎದ್ದ ಕೂಡಲೇ ಆ ಗೊರಕೆ ನಿಲ್ಲಬೇಕು. ಬಿಕ್ಕಳಿಕೆ ಬಂದರೆ ಬಿಟ್ಟುಬಿಡಿ, ಅದಾಗಿಯೇ ಹೋಗುತ್ತದೆ.

ಮನೆಯಲ್ಲಿ ಸದ್ದನ್ನು ಸರಿಯಾಗಿ ಕೇಳುವುದು ಹೇಗೆ?

ಫ್ಯಾನು, ಟಿ.ವಿ., ಮಿಕ್ಸಿ ಎಲ್ಲವನ್ನೂ ನಿಲ್ಲಿಸಿ. ಒಂದು ಟವೆಲ್ ಮೇಲೆ ಕೂರಿಸಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಕೊಟ್ಟು ಎತ್ತಿ. ಪಕ್ಕೆಗೆ ನಿಮ್ಮ ಕಿವಿ ತಾಗಿಸಿ, ಸ್ವಲ್ಪ ಹೊತ್ತು ಬಲಕ್ಕೆ, ಸ್ವಲ್ಪ ಹೊತ್ತು ಎಡಕ್ಕೆ, ಆಮೇಲೆ ಮೂಗಿನ ಬಳಿ. ಮೂಗಿನ ಬಳಿ ಜೋರಾಗಿ, ಪಕ್ಕೆಯಲ್ಲಿ ಕ್ಷೀಣವಾಗಿ ಕೇಳಿಸಿದರೆ ಮೂಲ ಮೇಲೆಯೇ ಇದೆ ಎಂದು ಊಹಿಸಬಹುದು. ಬೆನ್ನ ಮೇಲೆ ಮಲಗಿಸಿ ಕೇಳಲು ಹೋಗಬೇಡಿ, ಉಸಿರಿಗೆ ಕಷ್ಟವಾಗಿರುವ ಪ್ರಾಣಿಗೆ ಆ ಭಂಗಿಯೇ ಅಪಾಯ.

ಹಾಗೆಯೇ ಮುಂಗಾಲುಗಳನ್ನು ತಿರುಗಿಸಿ ಒಳಬದಿ ನೋಡಿ. ಮೂಗು ಸೋರುವ ಗಿನಿಪಿಗ್ ಅದನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತಲೇ ಇರುತ್ತದೆ. ಮೂಗು ನೋಡಲು ಸ್ವಚ್ಛವಾಗಿಯೇ ಇರುತ್ತದೆ, ಆದರೆ ಕಾಲಿನ ಒಳಬದಿಯ ಕೂದಲು ಒಣಗಿದ ಸಿಂಬಳದಿಂದ ಅಂಟಂಟಾಗಿ, ಮುಳ್ಳುಮುಳ್ಳಾಗಿ ನಿಂತಿರುತ್ತದೆ. ಮೂಗು ನೋಡಿ ‘ಏನೂ ಇಲ್ಲ’ ಎಂದವರಿಗೆ ಅಲ್ಲಿ ಉತ್ತರ ಸಿಗುತ್ತದೆ. ಕಣ್ಣಿನ ಅಂಚಿನ ಪೊರೆಗಟ್ಟಿದ ಪಿಸುರನ್ನೂ ನೋಡಿಕೊಳ್ಳಿ. ಮುಖ ತೊಳೆದುಕೊಳ್ಳುವಾಗ ಕಣ್ಣಿನಿಂದ ಹಾಲಿನ ಬಣ್ಣದ ದ್ರವ ಒಂದು ಹನಿ ಬರುವುದು ಮಾತ್ರ ಗಿನಿಪಿಗ್‌ಗಳಲ್ಲಿ ಸಹಜ.

ಸದ್ದು ಕೇಳಿಸಿದ ಕೂಡಲೇ ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಪಕ್ಕೆಯೂ ಕಾಣುವಂತೆ. ಆಸ್ಪತ್ರೆಯ ಮೇಜಿನ ಮೇಲೆ ಕೂರಿಸಿದರೆ ಹೆದರಿ ಕಲ್ಲಿನಂತೆ ಸುಮ್ಮನಾಗುವ ಪ್ರಾಣಿ ಇದು. ಅರ್ಧ ನಿಮಿಷದ ವಿಡಿಯೊ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಸೀನು ಬಂದರೆ?

ದಿನಕ್ಕೆ ಒಂದೆರಡು ಸೀನು ಲೆಕ್ಕಕ್ಕಿಲ್ಲ. ಗೂಡು ಸ್ವಚ್ಛ ಮಾಡುವಾಗ, ಹೊಸ ಒಣಹುಲ್ಲು ಹಾಕಿದಾಗ ಬರುತ್ತದೆ. ಸೀನಿನ ಜೊತೆಗೆ ಮೂಗು ಒದ್ದೆ, ಮೇವಿನಲ್ಲಿ ನಿರಾಸಕ್ತಿ, ಉಬ್ಬಿದ ಕೂದಲು ಸೇರಿದರೆ ಆ ದಿನವೇ ತೋರಿಸಿ.

ಎಷ್ಟು ದಿನ ಕಾದು ನೋಡಬಹುದು?

ಈ ಪ್ರಶ್ನೆಯೇ ಹೆಚ್ಚಿನ ಗಿನಿಪಿಗ್‌ಗಳ ಜೀವಕ್ಕೆ ಎರವಾಗುವುದು. ಬೇಟೆಗೆ ಸಿಕ್ಕುವ ಪ್ರಾಣಿಗಳೆಲ್ಲ ಕಾಯಿಲೆಯನ್ನು ಮುಚ್ಚಿಡುತ್ತವೆ. ದುರ್ಬಲನಾಗಿ ಕಾಣಿಸಿಕೊಂಡವನನ್ನು ಹದ್ದು ಮೊದಲು ಎತ್ತಿಕೊಂಡು ಹೋಗುತ್ತದೆ ಎಂಬ ಭಯ ಅವುಗಳ ರಕ್ತದಲ್ಲೇ ಇದೆ. ನಮಗೆ ಕಾಣಿಸುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ನಡೆದಿರುತ್ತದೆ.

ನನ್ನ ಲೆಕ್ಕಾಚಾರ ಹೀಗೆ: ಸದ್ದು ಇದೆ, ಆದರೆ ಚೆನ್ನಾಗಿ ತಿನ್ನುತ್ತಿದೆ, ಹಿಕ್ಕೆ ಎಂದಿನಷ್ಟೇ ಇದೆ, ತೂಕ ಇಳಿದಿಲ್ಲ, ಮೂಗು ಕಣ್ಣು ಒಣಗಿವೆ ಎಂದಾದರೆ ದೂಳು ಹೊಗೆಯ ಕಾರಣ ಹುಡುಕುತ್ತಾ ಒಂದು ದಿನ ನೋಡಬಹುದು. ಮರುದಿನವೂ ಸದ್ದು ಉಳಿದಿದ್ದರೆ ವೈದ್ಯರ ಬಳಿಗೆ. ಸದ್ದಿನ ಜೊತೆಗೆ ಮೇವು ಬಿಟ್ಟಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ. ಭಾನುವಾರವಾದರೂ ಅಷ್ಟೆ, ಹಬ್ಬವಾದರೂ ಅಷ್ಟೆ.

ಇದಕ್ಕೆ ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಸ್ಟೀಲ್ ಡಬರಿ ಇಟ್ಟು ಸೊನ್ನೆ ಮಾಡಿ, ಅದರಲ್ಲಿ ಒಂದು ಹಿಡಿ ಸೊಪ್ಪು ಹಾಕಿ ಪ್ರಾಣಿಯನ್ನು ಕೂರಿಸಿದರೆ ಅಲುಗಾಡದೆ ತೂಗಿಸಿಕೊಳ್ಳುತ್ತದೆ. ಸೊಪ್ಪಿನ ತೂಕ ಕಳೆಯುವುದನ್ನು ಮರೆಯಬೇಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತದೆ. ಅದರಲ್ಲಿ 50 ಗ್ರಾಂ ಇಳಿದರೆ ಎಚ್ಚರ, 100 ಗ್ರಾಂ ಇಳಿದರೆ ಬೇರೆ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆ.

ಈ ಸೋಂಕು ಬರುವುದು ಎಲ್ಲಿಂದ? ನಮ್ಮದು ಮನೆ ಬಿಟ್ಟು ಹೊರಗೇ ಹೋಗುವುದಿಲ್ಲ.

ಮುಖ್ಯ ಅಪರಾಧಿಗಳು ಎರಡು ಬ್ಯಾಕ್ಟೀರಿಯಾ: ಬೊರ್ಡೆಟೆಲ್ಲಾ ಬ್ರಾಂಕೈಸೆಪ್ಟಿಕಾ ಮತ್ತು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ಎರಡೂ ಕೆಲವು ಪ್ರಾಣಿಗಳ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಕೂತಿರುತ್ತವೆ. ಗುಂಪು ಹೆಚ್ಚಾದಾಗ, ಜಾಗ ಬದಲಾದಾಗ, ಚಳಿಗಾಳಿ ಬಡಿದಾಗ, ವಿಟಮಿನ್ ಸಿ ಕಡಿಮೆಯಾದಾಗ ಮೇಲೇಳುತ್ತವೆ. ರಸೆಲ್ ಮಾರುಕಟ್ಟೆಯ ಆಸುಪಾಸಿನ ಅಂಗಡಿಯಿಂದಲೋ ಬಡಾವಣೆಯ ಪೆಟ್ ಶಾಪ್‌ನಿಂದಲೋ ತಂದ ಮರಿ, ಮನೆಗೆ ಬಂದ ಒಂದೆರಡು ವಾರದಲ್ಲಿ ಗೊರಗೊರ ಎನ್ನಲು ಶುರುಮಾಡುವುದು ಇದೇ ಕಾರಣಕ್ಕೆ. ಒಂದೇ ಪಂಜರದಲ್ಲಿ ಹತ್ತಾರನ್ನು ತುಂಬಿಟ್ಟಿರುತ್ತಾರೆ, ಅಲ್ಲಿಂದ ರಟ್ಟಿನ ಪೆಟ್ಟಿಗೆ, ಅಲ್ಲಿಂದ ಆಟೊ, ಆಮೇಲೆ ಹೊಸ ಮನೆ.

ಹೊಸದನ್ನು ತಂದರೆ ಎರಡರಿಂದ ನಾಲ್ಕು ವಾರ ಬೇರೆ ಕೋಣೆಯಲ್ಲಿಡಿ. ಒಂದೇ ಕೋಣೆಯಲ್ಲಿ ಬೇರೆ ಪಂಜರ ಇಟ್ಟರೆ ಸಾಲದು, ಸೀನಿನ ಹನಿ ಅಷ್ಟು ದೂರ ಹಾರುತ್ತದೆ. ಹಳೆಯದಕ್ಕೆ ಮೊದಲು ಮೇವು ಹಾಕಿ, ಹೊಸದಕ್ಕೆ ಆಮೇಲೆ, ನಡುವೆ ಕೈ ತೊಳೆಯಿರಿ.

ಮೊಲದ ಜೊತೆ ಒಂದೇ ಗೂಡಿನಲ್ಲಿ ಇಡಬಹುದೇ?

ಬೇಡ. ಫೋಟೊದಲ್ಲಿ ಚೆಂದ ಕಾಣುತ್ತದೆ, ಅಷ್ಟೆ. ಮೊಲಗಳು ಬೊರ್ಡೆಟೆಲ್ಲಾವನ್ನು ತಾವು ಕಾಯಿಲೆ ಬೀಳದೆ ಹೊತ್ತುಕೊಂಡಿರುತ್ತವೆ, ಗಿನಿಪಿಗ್‌ಗೆ ಅದೇ ನ್ಯುಮೋನಿಯಾ ತರುತ್ತದೆ. ಮೊಲದ ಹಿಂಗಾಲಿನ ಒದೆತ ಬೇರೆ. ನಾಯಿಗಳೂ ಇದೇ ಬ್ಯಾಕ್ಟೀರಿಯಾವನ್ನು ಹೊರುತ್ತವೆ, ಆದ್ದರಿಂದ ಕೆಮ್ಮುತ್ತಿರುವ ನಾಯಿಯನ್ನು ಗೂಡಿನ ಹತ್ತಿರ ಬಿಡಬೇಡಿ.

ಪೂಜೆ, ಒಗ್ಗರಣೆ, ಸೊಳ್ಳೆಬತ್ತಿ: ಇವುಗಳಿಂದಲೂ ತೊಂದರೆಯಾಗುತ್ತದೆಯೇ?

ಆಗುತ್ತದೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಊದುಬತ್ತಿ, ಶುಕ್ರವಾರ ಸಂಜೆ ಸಾಂಬ್ರಾಣಿ, ರಾತ್ರಿ ಸೊಳ್ಳೆಬತ್ತಿ. ನಡುವೆ ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾ ಬಾಲ್ಕನಿಗೆ ಓಡುತ್ತಾರೆ. ನೆಲಮಟ್ಟದ ಪಂಜರದಲ್ಲಿರುವುದು ಎಲ್ಲಿಗೆ ಓಡಬೇಕು? ಎರಡು ಕೋಣೆಯ ಅಪಾರ್ಟ್‌ಮೆಂಟ್‌ನಲ್ಲಿ ಹೊಗೆಗೆ ಗಡಿ ಇರುವುದಿಲ್ಲ. ಪಂಜರವನ್ನು ಅಡುಗೆಮನೆ ಮತ್ತು ದೇವರ ಕೋಣೆಯಿಂದ ದೂರದ ಕೋಣೆಗೆ ಸಾಗಿಸಿ, ಹೊಗೆಯ ಹೊತ್ತಿನಲ್ಲಿ ಬಾಗಿಲು ಹಾಕಿ. ಸೊಳ್ಳೆಗೆ ಕಿಟಕಿಯ ಬಲೆ ಸಾಕು. ದೀಪಾವಳಿಯ ರಾತ್ರಿಗಳಲ್ಲಿ ಪಂಜರ ಒಳಕೋಣೆಯಲ್ಲಿರಲಿ, ಕಿಟಕಿ ಮುಚ್ಚಿರಲಿ. ಫಿನಾಯಿಲ್, ರೂಮ್ ಫ್ರೆಶ್‌ನರ್, ಗೋಡೆಗೆ ಹೊಸ ಬಣ್ಣ ಇವೂ ಅದೇ ಪಟ್ಟಿಯಲ್ಲಿ ಬರುತ್ತವೆ. ಗೂಡಿನೊಳಗಿನ ಮೂತ್ರದಿಂದ ಏಳುವ ಅಮೋನಿಯಾ ಇವೆಲ್ಲಕ್ಕಿಂತ ಹತ್ತಿರದ ಶತ್ರು. ನಿಂತುಕೊಂಡು ವಾಸನೆ ನೋಡಬೇಡಿ, ಪಂಜರದ ಮಟ್ಟಕ್ಕೆ ಬಗ್ಗಿ ನೋಡಿ. ಕಣ್ಣು ಚುರ್ ಎಂದರೆ ಹಾಸು ಬದಲಿಸುವುದು ತಡವಾಗಿದೆ.

ಮರದ ಪುಡಿ ಹಾಸಬಹುದೇ?

ಸಾಮಿಲ್‌ನ ನಯವಾದ ಪುಡಿ ಬೇಡವೇ ಬೇಡ, ನೇರವಾಗಿ ಮೂಗಿಗೆ ಹೋಗುತ್ತದೆ. ಘಮ್ಮೆನ್ನುವ ದೇವದಾರು, ಪೈನ್ ಮರದ ಸಿಪ್ಪೆಗಳ ಎಣ್ಣೆಯಂಶವೂ ಶ್ವಾಸನಾಳವನ್ನು ಕೆರಳಿಸುತ್ತದೆ. ಹಳೆಯ ಟವೆಲ್ ಮೇಲೆ ಫ್ಲೀಸ್ ಬಟ್ಟೆ ಹಾಸಿ ಎರಡು ಮೂರು ದಿನಕ್ಕೊಮ್ಮೆ ತೊಳೆಯುವುದು ನನ್ನ ಆಯ್ಕೆ. ಕೆಳಗೆ ಪತ್ರಿಕೆ ಹಾಕಿದರೆ ಇನ್ನೂ ಒಳ್ಳೆಯದು. ಒಣಹುಲ್ಲನ್ನು ಬಾಲ್ಕನಿಯಲ್ಲಿ ಕೊಡವಿ ದೂಳು ಉದುರಿಸಿ ತನ್ನಿ, ಬೂಷ್ಟು ಹಿಡಿದ ವಾಸನೆ ಬಂದರೆ ಎಸೆಯಿರಿ. ಮಳೆಗಾಲದಲ್ಲಿ ಚೀಲ ಕಟ್ಟಿಟ್ಟ ಹುಲ್ಲು ಬೇಗ ಬೂಷ್ಟು ಹಿಡಿಯುತ್ತದೆ.

ಬೆಂಗಳೂರಿನ ಹವೆ ತಂಪಲ್ಲವೇ? ಬಾಲ್ಕನಿಯಲ್ಲಿ ಇಟ್ಟರೆ ಏನು?

ಆ ಹೆಸರು ಹಳೆಯದು. 2016ರ ಏಪ್ರಿಲ್‌ನಲ್ಲಿ ಇದೇ ನಗರದಲ್ಲಿ 39.2 ಡಿಗ್ರಿ ದಾಖಲಾಗಿದೆ. ಗಿನಿಪಿಗ್‌ನ ಮೂಲ ಆಂಡೀಸ್ ಪರ್ವತದ ತಂಪು ಸೀಮೆ; 18ರಿಂದ 24 ಡಿಗ್ರಿ ಅದಕ್ಕೆ ಹಿತ, 28 ದಾಟಿದರೆ ಅಪಾಯ ಶುರು. ಅದು ಬೆವರುವುದಿಲ್ಲ. ಮಾರ್ಚ್–ಮೇ ತಿಂಗಳಲ್ಲಿ ಪಶ್ಚಿಮಕ್ಕೆ ಮುಖವಿರುವ ಬಾಲ್ಕನಿ, ಶೀಟ್ ಹೊದಿಸಿದ ತಾರಸಿ ಎರಡೂ ಬೇಡ. ಉಸಿರು ಬಹಳ ವೇಗವಾಗಿ, ಮೇಲುಮೇಲಾಗಿ ಆಡುತ್ತಿದ್ದು, ಜೊಲ್ಲು ಸುರಿಸುತ್ತಾ ಚಾಪೆಯಂತೆ ಚಪ್ಪಟೆಯಾಗಿ ಬಿದ್ದಿದ್ದರೆ ಅದು ಬಿಸಿಲಿನ ಹೊಡೆತ. ತಂಪಾದ ಕೋಣೆಗೆ ತಂದು, ಕಿವಿ ಮತ್ತು ಪಾದಗಳಿಗೆ ನಲ್ಲಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ತಾಗಿಸಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ.

ಅವರೆಕಾಯಿ ಕಾಲದ ಚಳಿಯಲ್ಲಿ ತೊಂದರೆ ಉಲ್ಟಾ. ರಾತ್ರಿ ಒಳಗೆ ತನ್ನಿ, ನೇರ ಗಾಳಿ ತಪ್ಪಿಸಿ, ಹುಲ್ಲು ಹೆಚ್ಚು ಹಾಕಿ. ಚಳಿಗಾಲದಲ್ಲಿ ಸ್ನಾನ ಮಾಡಿಸುವ ಹುಮ್ಮಸ್ಸು ಬೇಡ. ಯಾವ ಕಾಲದಲ್ಲೂ ಗಿನಿಪಿಗ್‌ಗೆ ಸ್ನಾನ ಅಷ್ಟಾಗಿ ಬೇಕಿಲ್ಲ.

ಐದು ವರ್ಷದ ಗಿನಿಪಿಗ್. ಮೂಗು ಒಣಗಿದೆ, ಜ್ವರ ಇಲ್ಲ, ಆಂಟಿಬಯಾಟಿಕ್ ಕೊಟ್ಟರೂ ಸದ್ದು ಹೋಗುತ್ತಿಲ್ಲ.

ಹೃದಯವನ್ನು ಅನುಮಾನಿಸಿ. ಗಿನಿಪಿಗ್‌ನ ಆಯುಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ವಯಸ್ಸಾದಂತೆ ಹೃದಯ ದೊಡ್ಡದಾಗಿ, ಪಂಪ್ ಮಾಡುವ ಬಲ ಕುಗ್ಗಿ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹೊರಗಿನಿಂದ ಅದು ನೆಗಡಿಯಂತೆಯೇ ಕೇಳಿಸುತ್ತದೆ. ಹೆಚ್ಚು ಮಲಗುವುದು, ಪಂಜರದೊಳಗಿನ ಗುಡಿಸಲಿನಿಂದ ಊಟದ ಬಟ್ಟಲಿನವರೆಗೆ ನಡೆದು ನಡುವೆ ನಿಲ್ಲುವುದು, ನಿಧಾನವಾಗಿ ಸೊರಗುವುದು ಜೊತೆಗಿದ್ದರೆ ಎಕ್ಸ್‌ರೇ, ಸಾಧ್ಯವಿದ್ದಲ್ಲಿ ಎಕೊ (ಹೃದಯದ ಸ್ಕ್ಯಾನ್) ಮಾಡಿಸುವಂತೆ ನೀವೇ ಕೇಳಿ. ಹೃದಯದ ಔಷಧ ಮತ್ತು ನೀರು ಇಳಿಸುವ ಔಷಧ ಸಿಕ್ಕ ಗಿನಿಪಿಗ್‌ಗಳು ತಿಂಗಳುಗಟ್ಟಲೆ, ಕೆಲವು ಅದಕ್ಕೂ ಹೆಚ್ಚು ಕಾಲ, ಆರಾಮವಾಗಿ ಬಾಳುತ್ತವೆ. ಒಂದು ಆಂಟಿಬಯಾಟಿಕ್ ಮುಗಿಸಿ ಇನ್ನೊಂದು, ಅದೂ ಮುಗಿಸಿ ಮತ್ತೊಂದು ಎಂದು ಅಲೆಯುವುದರಲ್ಲಿ ಅರ್ಥವಿಲ್ಲ.

ಹೊಟ್ಟೆ ಉಬ್ಬರಕ್ಕೂ ಉಸಿರಿಗೂ ಏನು ಸಂಬಂಧ?

ಹೊಟ್ಟೆಯಲ್ಲಿ ಗಾಳಿ ತುಂಬಿದರೆ ಅದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಒತ್ತುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಉಳಿಯುವುದಿಲ್ಲ. ಹೊಟ್ಟೆ ತಟ್ಟಿದರೆ ಡೊಳ್ಳಿನ ನಾದ ಬರುತ್ತದೆ. ಹೊಟ್ಟೆ ತಿರುಚಿಕೊಂಡಿರುವ ಸಾಧ್ಯತೆಯೂ ಇರುವುದರಿಂದ ಇದು ಗಂಟೆಗಳ ಲೆಕ್ಕದ ತುರ್ತು.

ಅಜ್ಜಿ ತುಳಸಿ ಕಷಾಯ, ಜೇನು, ಒಂದಿಷ್ಟು ವಿಕ್ಸ್ ಎನ್ನುತ್ತಿದ್ದಾರೆ.

ಅಜ್ಜಿಗೆ ನಮಸ್ಕಾರ ಹೇಳಿ, ಕಷಾಯವನ್ನು ನೀವೇ ಕುಡಿಯಿರಿ. ಕರ್ಪೂರ, ನೀಲಗಿರಿ ಎಣ್ಣೆ ಇರುವ ಯಾವುದನ್ನೂ ಇದರ ಮೂಗಿನ ಹತ್ತಿರ ತರಬಾರದು. ಮಕ್ಕಳ ಕೆಮ್ಮಿನ ಸಿರಪ್, ಪ್ಯಾರಸಿಟಮಾಲ್ ಕೊಡಬಾರದು. ಉಸಿರಿಗೆ ಒದ್ದಾಡುತ್ತಿರುವ ಪ್ರಾಣಿಯ ಬಾಯಿಗೆ ದ್ರವ ಹಾಕಿದರೆ ಅದು ಶ್ವಾಸಕೋಶಕ್ಕೇ ಇಳಿಯಬಹುದು. ಬಿಸಿನೀರಿನ ಪಾತ್ರೆ ಮುಂದಿಟ್ಟು ಹಬೆ ಕೊಡುವುದೂ ಬೇಡ. ಸುಡುವ ಭಯ ಒಂದು, ಬಿಸಿಗೆ ಬಳಲುವ ಭಯ ಇನ್ನೊಂದು. ನೆಬ್ಯುಲೈಜರ್ ನಿಜಕ್ಕೂ ಉಪಯೋಗದ ಸಾಧನ, ಆದರೆ ಅದರಲ್ಲಿ ಏನು ಹಾಕಬೇಕು, ಎಷ್ಟು ಹೊತ್ತು ಎಂಬುದನ್ನು ವೈದ್ಯರು ಹೇಳಬೇಕು.

ಮನೆಯಲ್ಲಿ ಮಗುವಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಇದೆ. ಒಂದು ಹನಿ ಕೊಡಲೇ?

ಕೊಡಬೇಡಿ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನ್ಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಗಿನಿಪಿಗ್‌ಗೆ ಮಾರಕ. ಅದರ ಕರುಳಿನಲ್ಲಿ ನಾರು ಜೀರ್ಣಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಉಗುಳುತ್ತವೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ನಾಯಿ ಬೆಕ್ಕುಗಳನ್ನು ಮಾತ್ರ ನೋಡಿ ಅಭ್ಯಾಸವಿರುವ ವೈದ್ಯರು ರೂಢಿಯಂತೆ ಇವುಗಳಲ್ಲೊಂದನ್ನು ಬರೆದುಬಿಡುವುದೂ ಇದೆ. ಚೀಟಿಯಲ್ಲಿನ ಹೆಸರನ್ನು ಓದಿ, ‘ಇದು ಗಿನಿಪಿಗ್‌ಗೆ ಸರಿಹೊಂದುತ್ತದೆಯೇ ಸಾರ್?’ ಎಂದು ಕೇಳಿ. ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ. ಎನ್ರೊಫ್ಲಾಕ್ಸಾಸಿನ್, ಟ್ರೈಮೆಥೊಪ್ರಿಮ್–ಸಲ್ಫಾ ಇವು ಸಾಮಾನ್ಯವಾಗಿ ಬಳಕೆಯಾಗುವ ಔಷಧಗಳು. ಪ್ರಮಾಣ ಮಾತ್ರ ತೂಕ ನೋಡಿ ವೈದ್ಯರೇ ನಿಗದಿ ಮಾಡಬೇಕು. ಎರಡು ದಿನಕ್ಕೆ ಸದ್ದು ನಿಂತಿತೆಂದು ಔಷಧ ನಿಲ್ಲಿಸಬೇಡಿ.

ಬೆಂಗಳೂರಿನಲ್ಲಿ ಯಾರ ಬಳಿ ಹೋಗಬೇಕು?

ನಾಯಿ ಬೆಕ್ಕಿನ ಕ್ಲಿನಿಕ್ ಪ್ರತಿ ಬಡಾವಣೆಯಲ್ಲೂ ಇದೆ, ಗಿನಿಪಿಗ್ ನೋಡುವವರು ಕಡಿಮೆ. ‘ಎಕ್ಸಾಟಿಕ್’ ಪ್ರಾಣಿಗಳನ್ನು, ಅಂದರೆ ಮೊಲ, ಪಕ್ಷಿ, ಆಮೆ ಮುಂತಾದವನ್ನು ನೋಡುವ ವೈದ್ಯರನ್ನು ಹುಡುಕಿ. ಫೋನ್‌ನಲ್ಲೇ ಕೇಳಿ: ಗಿನಿಪಿಗ್ ನೋಡುತ್ತೀರಾ, ಎಕ್ಸ್‌ರೇ ಮತ್ತು ಆಮ್ಲಜನಕದ ಸೌಲಭ್ಯ ಇದೆಯೇ, ರಾತ್ರಿ ಯಾರಾದರೂ ಇರುತ್ತಾರೆಯೇ? ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇದೆ, ಅದಕ್ಕೆ ಹೊಂದಿಕೊಂಡೇ ಆಸ್ಪತ್ರೆಯೂ ಇದೆ. ಹೋಗುವ ಮುನ್ನ ಹೊತ್ತು ವಿಚಾರಿಸಿಕೊಳ್ಳಿ. ಇಷ್ಟನ್ನೂ ಪ್ರಾಣಿ ಚೆನ್ನಾಗಿರುವಾಗಲೇ ಮಾಡಿಟ್ಟುಕೊಂಡು, ನಂಬರ್ ಅನ್ನು ಫ್ರಿಜ್ ಮೇಲೆ ಅಂಟಿಸಿಡಿ. ರಾತ್ರಿ ಹನ್ನೊಂದು ಗಂಟೆಗೆ ಹುಡುಕಾಟ ಶುರುಮಾಡಿದರೆ ಸಿಗುವುದು ಮುಚ್ಚಿದ ಶಟರ್‌ಗಳು.

ಕರೆದೊಯ್ಯುವುದು ಹೇಗೆ?

ಗಾಳಿಯಾಡುವ ಗಟ್ಟಿ ಬುಟ್ಟಿ ಅಥವಾ ಕ್ಯಾರಿಯರ್, ಒಳಗೆ ಟವೆಲ್, ಒಂದು ಹಿಡಿ ಹುಲ್ಲು, ಒಂದು ತುಂಡು ಸೌತೆಕಾಯಿ. ಮೇಲೆ ಅರ್ಧಕ್ಕೆ ತೆಳು ಬಟ್ಟೆ ಮುಚ್ಚಿದರೆ ಹೆದರಿಕೆ ಕಡಿಮೆ. ದ್ವಿಚಕ್ರ ವಾಹನ ಬೇಡ, ಸಿಲ್ಕ್ ಬೋರ್ಡ್ ಕಡೆಯ ಬಸ್ಸಿನ ಹೊಗೆಯನ್ನು ನೀವು ಸಹಿಸಬಲ್ಲಿರಿ, ಅದು ಸಹಿಸಲಾರದು. ಬಿಸಿಲಿನ ಹೊತ್ತಾದರೆ ಎ.ಸಿ. ಇರುವ ಕಾರು ಹಿಡಿಯಿರಿ. ಕಾಯಿಲೆಯದರ ಜೊತೆಗಾರನನ್ನೂ ಕರೆದೊಯ್ಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದೇ ಗೂಡಿನಲ್ಲಿ ಇದ್ದಾಗ ತಾಗುವುದು ತಾಗಿಯೇ ಇರುತ್ತದೆ. ವೈದ್ಯರು ಅದನ್ನೂ ಒಮ್ಮೆ ನೋಡಿದಂತಾಗುತ್ತದೆ.

ಮೇವು ಬಿಟ್ಟಿದೆ. ಬಲವಂತವಾಗಿ ತಿನ್ನಿಸಬೇಕೇ?

ಗಿನಿಪಿಗ್‌ನ ಕರುಳು ನಿರಂತರ ಓಡುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳು ನಿಲ್ಲುವ, ಯಕೃತ್ತು ಕೆಡುವ ಅಪಾಯ ಶುರು. ಎಷ್ಟೋ ಸಲ ಜೀವ ಹೋಗುವುದು ನ್ಯುಮೋನಿಯಾಕ್ಕಿಂತ ಉಪವಾಸದಿಂದ. ಉಸಿರು ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಕೈಯಿಂದ ತಿನ್ನಿಸಲೇಬೇಕು. ಹುಲ್ಲಿನ ಪುಡಿಯಿಂದ ಮಾಡಿದ ಸಿದ್ಧ ಆಹಾರ ಸಿಗುತ್ತದೆ. ಇಲ್ಲವೆಂದರೆ ಅದರದೇ ಪೆಲೆಟ್‌ಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಅರೆಯಿರಿ. ಸೂಜಿ ತೆಗೆದ ಒಂದು ಮಿಲಿಲೀಟರ್ ಸಿರಿಂಜ್ ಅನ್ನು ಮುಂಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ, ಕೆನ್ನೆಯ ಬದಿಯಿಂದ ತೂರಿಸಿ ಸ್ವಲ್ಪ ಸ್ವಲ್ಪ ಬಿಡಿ. ಅದು ಅಗಿದು ನುಂಗುವುದನ್ನು ಕಾಯಿರಿ, ಆಮೇಲೆ ಇನ್ನೊಂದು ಹನಿ. ತಲೆ ಮೇಲಕ್ಕೆತ್ತಿ ಸುರಿಯಬಾರದು. ಪ್ರಾಣಿ ನಾಲ್ಕು ಕಾಲಿನ ಮೇಲೆ ಕೂತಿರಲಿ.

ವಿಟಮಿನ್ ಸಿ ಕೊಟ್ಟರೆ ಗುಣವಾಗುತ್ತದೆಯೇ?

ಅದೊಂದರಿಂದಲೇ ಆಗದು, ಅದಿಲ್ಲದೆಯೂ ಆಗದು. ನಮ್ಮಂತೆಯೇ ಗಿನಿಪಿಗ್ ಕೂಡ ವಿಟಮಿನ್ ಸಿಯನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರದು. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆಯಲ್ಲಿ ವೈದ್ಯರು ಹೆಚ್ಚಿಸಬಹುದು. ಕೆಂಪು ದಪ್ಪ ಮೆಣಸಿನಕಾಯಿಯ ಒಂದೆರಡು ಸೀಳು, ಕೊತ್ತಂಬರಿ ಸೊಪ್ಪು, ಬೀಜ ತೆಗೆದ ಸೀಬೆ ಹಣ್ಣಿನ ಸಣ್ಣ ಚೂರು ಸುಲಭದ ದಾರಿಗಳು. ನೀರಿನ ಬಾಟಲಿಗೆ ವಿಟಮಿನ್ ಹನಿ ಹಾಕುವುದು ದಂಡ, ಕೆಲವೇ ಗಂಟೆಗಳಲ್ಲಿ ಅದರ ಬಲ ಹೋಗುತ್ತದೆ. ನೀರಿನ ರುಚಿ ಕೆಟ್ಟು ಕುಡಿಯುವುದನ್ನೇ ಬಿಡಬಹುದು.

ಇದು ಮನೆಯವರಿಗೆ ಹರಡುತ್ತದೆಯೇ?

ಆರೋಗ್ಯವಂತರಿಗೆ ಹರಡುವುದು ಬಹಳ ಅಪರೂಪ. ರೋಗನಿರೋಧಕ ಶಕ್ತಿ ಕುಗ್ಗಿರುವವರು ಕಾಯಿಲೆಯ ಪ್ರಾಣಿಯ ಆರೈಕೆಯನ್ನು ಬೇರೆಯವರಿಗೆ ಬಿಡುವುದು ಒಳಿತು. ನಿಮಗೇ ಜೋರು ನೆಗಡಿ, ಕೆಮ್ಮು ಇದ್ದಾಗ ಅದನ್ನು ಮುಖದ ಹತ್ತಿರ ಹಿಡಿದು ಮುದ್ದಾಡಬೇಡಿ.

ಔಷಧದ ಕೋರ್ಸ್ ಮುಗಿಯಿತು. ಚೆನ್ನಾಗಿ ತಿನ್ನುತ್ತಿದೆ, ಆದರೂ ಸಣ್ಣ ಸದ್ದು ಉಳಿದಿದೆ.

ನ್ಯುಮೋನಿಯಾ ಬಂದುಹೋದ ಶ್ವಾಸಕೋಶದಲ್ಲಿ, ಊದಿಕೊಂಡ ಮೂಗಿನ ದಾರಿಯಲ್ಲಿ ಕಲೆ ಉಳಿದು ಸದ್ದು ಶಾಶ್ವತವಾಗುವುದುಂಟು. ತೂಕ ಮೊದಲಿನ ಮಟ್ಟಕ್ಕೆ ಬಂದಿದೆ, ನಿದ್ದೆಯ ಉಸಿರಿನ ಎಣಿಕೆ ನೀವು ಹಿಂದೆ ಬರೆದಿಟ್ಟ ಸಂಖ್ಯೆಯ ಆಸುಪಾಸಿನಲ್ಲಿದೆ, ಎಕ್ಸ್‌ರೇ ಸ್ವಚ್ಛವಾಗಿದೆ ಎಂದಾದರೆ ಅದರ ಪಾಡಿಗೆ ಬಿಡಿ. ಇನ್ನು ಮುಂದೆ ಆ ಸದ್ದೇ ಅದರ ಸಹಜ ಸದ್ದು. ಒಂದು ವಿಡಿಯೊ ಮಾಡಿ ದಿನಾಂಕ ಹಾಕಿ ಇಟ್ಟುಕೊಂಡರೆ ಮುಂದಿನ ಚಳಿಗಾಲದಲ್ಲಿ ಹೋಲಿಸಿ ನೋಡಲು ಬರುತ್ತದೆ. ಗೂಡು, ಬಟ್ಟಲು, ನೀರಿನ ಬಾಟಲಿಯ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಮರದ ಗುಡಿಸಲು ಮೂತ್ರ ಹೀರಿಕೊಂಡಿದ್ದರೆ ಹೊಸದನ್ನು ತನ್ನಿ. ಮೊದಲ ತಿಂಗಳು ತೂಕವನ್ನು ಎರಡು ದಿನಕ್ಕೊಮ್ಮೆ ನೋಡಿ, ಆಮೇಲೆ ವಾರಕ್ಕೊಮ್ಮೆ ಸಾಕು.